ನೀರಾಟದ ಪಾರ್ಕಿಗೆ ಒಯ್ದ ಬುತ್ತಿ

ಬಸ್ಸಿನ ಕಟ್ಟಕಡೆಯ ಎರಡು ಸೀಟು ಬಿಚ್ಚಿದರೆ ಎಷ್ಟು ಜಾಗ ಉಳಿಯುತ್ತದೋ ಅಷ್ಟು ನನ್ನದಾಗಿತ್ತು. ಕಿಟಕಿಗೆ ಒತ್ತಿಕೊಂಡು ಅಕ್ಕಿಚೀಲ, ಅದರ ಪಕ್ಕ ಪಂಪ್ ಸ್ಟೋವ್‌ಗಳು, ಅವುಗಳ ಮೇಲೆ ಬೋರಲು ಹಾಕಿದ ದೊಡ್ಡ ಬೋಗುಣಿ, ಬೋಗುಣಿಗೆ ಬೆನ್ನು ಕೊಟ್ಟು ನಾನು. ಕೂಡ್ಲಿಗಿಯ ಒಬ್ಬ ಮಾಲೀಕನ ಟೂರ್ ಬಸ್ಸು ಅದು, ನಾನು ಅದರ ಅಡುಗೆಯವನು. ಧರ್ಮಸ್ಥಳ, ಮಂತ್ರಾಲಯ, ಶ್ರೀಶೈಲ ಎಂದು ಮಂದಿ ಹೋದಲ್ಲಿಗೆಲ್ಲ ಹೋಗಿ, ಛತ್ರದ ಹಿತ್ತಿಲಲ್ಲೋ ರಸ್ತೆ ಬದಿಯ ಮರದ ಕೆಳಗೋ ಒಲೆ ಹಚ್ಚಿ, ಅವರು ದರ್ಶನ ಮುಗಿಸಿ ಬರುವಷ್ಟರಲ್ಲಿ ಅನ್ನ ಬಸಿದಿರುತ್ತಿದ್ದೆ. ಬಿಚ್ಚಿದ ಸೀಟುಗಳು ಮಾಲೀಕನ ಶೆಡ್ಡಿನಲ್ಲಿ ಗೋಡೆಗೆ ಒರಗಿ ನಿಂತಿದ್ದವು. ಅವುಗಳ ಮೇಲೆ ಕೋಳಿಗಳು ಕೂರುತ್ತಿದ್ದವು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲ ಆಗಿತ್ತು. ಬೇಸಿಗೆ ರಜೆ. ಮಾಲೀಕ ನನ್ನನ್ನು ಶೆಡ್ಡಿಗೆ ಕರೆಸಿದ.

"ಜನಕ್ಕ ದೇವ್ರು ಸಾಕಾಗ್ಯಾನಪಾ," ಅಂದ. "ಈಗ ನೀರಾಗ ಜಾರೋದು ಬೇಕಂತ. ಬೆಂಗ್ಳೂರ ಕಡಿ ಪಾರ್ಕು ಆಗ್ಯಾವಲ್ಲ, ಕೊಟ್ಟೂರಿನ ಒಂದು ಮನಿತನ ಅಲ್ಲಿಗೆ ಬಸ್ಸು ಕೇಳೈತಿ."

"ಹೋಗೂಣ್ರಿ."

"ಹೋಗ್ತಿ, ಖರೆ. ಆದ್ರ ಅಲ್ಲಿ ನಿನ್ನ ಒಲಿಗೇನು ಕೆಲಸ? ಮಂದಿ ಅಲ್ಲೇ ತಿಂತಾರ. ಆ ಸೀಟು ವಾಪಸ್ ಹಾಕಿಸಿದ್ರ ಇನ್ನಷ್ಟು ಮಂದಿ ಕುಂದ್ರತಾರ." ಕೋಳಿ ಕೂತ ಸೀಟಿನ ಕಡೆ ಕೈ ಮಾಡಿದ. "ಇದೊಂದು ಟ್ರಿಪ್ ನೋಡೂಣು. ಅವರ ಬಂದು ಮುಂದಿನ ಸಲಾನೂ ಅಡಿಗಿಯವ ಬೇಕು ಅಂದ್ರ ನಿನ್ನ ಜಾಗ ನಿಂದು. ಇಲ್ಲಂದ್ರ ಸೀಟು ಒಳಗ, ನೀ ಹೊರಗ."

ಈ ಕೊನೆಯ ಮಾತನ್ನು ಅವನು ಇಷ್ಟು ಚಂದ ಹೇಳಿರಲಿಕ್ಕಿಲ್ಲ. ಹಲವರಿಗೆ ಹೇಳುತ್ತ ಹೇಳುತ್ತ ನಾನೇ ಅದನ್ನು ತಿದ್ದಿರಬೇಕು. ಮಾತು ಯಾವುದಾದರೂ ಇರಲಿ, ಅರ್ಥ ಅದೇ. ಬೇರೆ ಕೆಲಸ ನನಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಒಂದೇ ಗೋಡೆ ನೋಡುತ್ತ ದಿನವಿಡೀ ದೋಸೆ ಹುಯ್ಯುವುದು ನನ್ನ ಕೈಲಾಗದು ಎಂದು ಆಗಲೇ ಎರಡು ಕಡೆ ಬಿಟ್ಟು ಬಂದಿದ್ದೆ.

ಕೊಟ್ಟೂರಿನ ಮನೆತನ ಅಂದರೆ ಕಿರಾಣಿ ಅಂಗಡಿಯ ಸಾವುಕಾರರದು. ಅವರು, ಅವರ ಹೆಂಡತಿ, ಮಕ್ಕಳು ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಎಲ್ಲರಿಗೂ ಮೇಲೆ ಸಾವುಕಾರರ ತಾಯಿ. ಅಜ್ಜಿ ಮನೆಯಲ್ಲಿ ಪೂಜೆ ಮುಗಿಸದೆ ನೀರು ಕುಡಿಯುವವಳಲ್ಲ. ಹೋಟೆಲಿನ ಊಟ ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ. ಗುರುತಿದ್ದ ಕೈಯಲ್ಲಿ ಆದ ಅಡುಗೆ ಮಾತ್ರ. ಶ್ರೀಶೈಲಕ್ಕೆ ಹೋದಾಗ ನನ್ನ ಕೈಯ ಅನ್ನ ಉಂಡಿದ್ದಳು. ನನ್ನನ್ನು ಕರೆಸಿದ್ದು ಹೆಚ್ಚಾಗಿ ಅವಳ ಸಲುವಾಗಿಯೇ.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಮಾತಾಯಿತು.

"ಒಳಗ ಊಟ ಭಾಳ ತುಟ್ಟಿ ಅಂತಪ್ಪ," ಸಾವುಕಾರರು ಅಂದರು. "ಹುಡುಗ್ರು ನೀರಾಗ ಕುಣಿದಷ್ಟೂ ಹಸೀತಾವ. ಅಲ್ಲಿ ತಿನ್ನಿಸಾಕ ಹೋದ್ರ ನಾ ಅಂಗಡಿ ಮಾರಬೇಕು. ಬುತ್ತಿ ಕಟ್ಟು."

ಬಾಗಿಲ ಸಂದಿಯಿಂದ ಕಿರಿಸೊಸೆ ಮಾತು ತೆಗೆದಳು. ಅವಳ ತವರಿನವರು ಒಮ್ಮೆ ಅಂಥ ಪಾರ್ಕಿಗೆ ಹೋಗಿ ಬಂದಿದ್ದರು. "ಮಾವ, ಹೊರಗಿನ ಊಟ ಒಳಗ ಬಿಡಂಗಿಲ್ಲಂತ."

ಸಾವುಕಾರರು ನಕ್ಕರು. "ಬುತ್ತಿ ಬ್ಯಾಡನ್ನೋ ಊರು ಎಲ್ಲೈತವ್ವಾ? ನಾವೇನು ಸೆರೆ ಶೀಶೆ ಒಯ್ತೀವೇನು?"

ನಾನೂ ನಕ್ಕೆ. ಎಷ್ಟೋ ಊರುಗಳ ಬಾಗಿಲಲ್ಲಿ ಬುತ್ತಿ ಬಿಚ್ಚಿದವನು ನಾನು. ಕಾವಲಿನವರು ಎಲ್ಲ ಕಡೆಯೂ ಕೈಯೊಡ್ಡಿ ತಮಗೂ ಒಂದಿಷ್ಟು ಕೇಳಿದ್ದರೇ ಹೊರತು ಬೇಡ ಅಂದವರಿರಲಿಲ್ಲ.

ತಯಾರಿಗೆ ಎರಡು ದಿನ ಹಿಡಿಯಿತು. ಜೋಳದ ರೊಟ್ಟಿ ತಟ್ಟಿದ್ದು ನನ್ನ ಹೆಂಡತಿ ಮತ್ತು ಓಣಿಯ ಇಬ್ಬರು ಹೆಂಗಸರು. ಹೆಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ, ಕೆಂಡದ ಕಾವಿನಲ್ಲೇ ಒಣಗಿಸಿ ಕಡಕ್ ಮಾಡಬೇಕು. ಸ್ಟೀಲ್ ಡಬ್ಬಿಗೆ ಹಾಕಬಾರದು, ಒಳಗೇ ಬೆವತು ಮೆತ್ತಗಾಗುತ್ತವೆ. ಒಗೆದ ಹಳೆಯ ಧೋತರದಲ್ಲಿ ಕಟ್ಟಿ ಬಿದಿರು ಬುಟ್ಟಿಯಲ್ಲಿಡಬೇಕು. ಎಣ್ಣೆಗಾಯಿಗೆ ಸಣ್ಣ ಮುಳ್ಳುಬದನೆ ತಂದೆ. ಶೇಂಗಾ, ಗುರೆಳ್ಳು ಹುರಿದು ಪುಡಿ ಮಾಡಿ ತುಂಬಿ, ನೀರು ಸೋಕಿಸದೆ ಎಣ್ಣೆಯಲ್ಲೇ ಬೇಯಿಸಿದೆ. ಮೇಲೆ ಎಣ್ಣೆ ಒಂದು ಬೆರಳು ನಿಂತರೆ ಬದನೆ ಎರಡು ದಿನ ಕೆಡುವುದಿಲ್ಲ. ಉಳ್ಳಾಗಡ್ಡಿ ಹಾಕಲಿಲ್ಲ, ಅದು ಮೊದಲು ಹಳಸುತ್ತದೆ. ಶೇಂಗಾ ಚಟ್ನಿಪುಡಿ. ಬೆಳಗಿನ ನಾಷ್ಟಾಕ್ಕೆ ಮಂಡಕ್ಕಿ ಬೇರೆ, ಒಗ್ಗರಣೆ ಸಾಮಾನು ಬೇರೆ. ಮೊದಲೇ ಕಲಸಿದರೆ ಮಂಡಕ್ಕಿ ನಾರಾಗುತ್ತದೆ.

ಹೊರಡುವ ಸಂಜೆ ಅಜ್ಜಿ ಬಸ್ಸು ಹತ್ತುವ ಮೊದಲು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದಳು.

"ಸಪ್ಪಳ ಐತಿ," ಅಂದಳು. "ನಡೀರಿ."

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಕೂಗಿದ. ಅವನಿಗೆ ನನ್ನ ಹೆಸರು ಗೊತ್ತಿತ್ತು, ಆದರೆ ಒಂದು ದಿನವೂ ಕರೆದವನಲ್ಲ. "ಲೇ ಒಗ್ಗರಣಿ! ನಿನ್ನ ರೊಟ್ಟಿ ಪಾಸಾತಲ್ಲೋ. ನನ್ನ ಬಸ್ಸಿಗೂ ಒಂದು ಸರ್ಟಿಫಿಕೇಟ್ ಕೊಡಸು ಅಜ್ಜಿ ಕಡೆಯಿಂದ."

ಬೆಳಕು ಹರಿಯುವ ಹೊತ್ತಿಗೆ ಹೆದ್ದಾರಿಯ ಬದಿ ಒಂದು ಹುಣಸೆ ತೋಪಿನಲ್ಲಿ ಬಸ್ಸು ನಿಂತಿತು. ಅಲ್ಲೇ ಹತ್ತಿರದ ಊರಿನಲ್ಲಿ ಹಾಲು ಕೊಂಡೆ. ಮಂಡಕ್ಕಿಗೆ ಒಗ್ಗರಣೆ ಹಾಕಿ ಎಲ್ಲರಿಗೂ ಕೊಟ್ಟು, ಇನ್ನೊಂದು ಸ್ಟೋವಿನಲ್ಲಿ ಅನ್ನ ಇಟ್ಟೆ. ಬೇಸಿಗೆಯ ಮೊಸರನ್ನಕ್ಕೆ ಒಂದು ಲೆಕ್ಕವಿದೆ. ಅನ್ನ ಮುದ್ದೆಯಾಗುವಷ್ಟು ಬೇಯಿಸಿ, ಬಿಸಿ ಇರುವಾಗಲೇ ಹಾಲು ಸುರಿದು ಮಿದಿಯಬೇಕು. ಬೆರಳಿಗೆ ಉಗುರುಬೆಚ್ಚಗೆ ಅನ್ನಿಸಿದಾಗ ಒಂದು ಚೂರು ಮೊಸರು, ಅಷ್ಟೇ. ಅದು ದಾರಿಯುದ್ದಕ್ಕೂ ತಾನೇ ಹೆಪ್ಪಾಗುತ್ತ ಹೋಗಿ, ಊಟದ ಹೊತ್ತಿಗೆ ಮೊಸರನ್ನವಾಗಿರುತ್ತದೆ. ಮೊದಲೇ ಮೊಸರು ಸುರಿದರೆ ಬಿಸಿಲಿಗೆ ಹುಳಿ. ಒಳ್ಳೆ ಗಾಳಿ, ಒಳ್ಳೆ ನೆರಳು, ಸರಿಯಾದ ಹೊತ್ತು, ಈ ಮೂರು ಸಿಕ್ಕರೆ ಇದರಷ್ಟು ಅಗ್ಗದ, ಹೊಟ್ಟೆಗೆ ತಂಪಾದ ಊಟ ಬೇರೆ ಇಲ್ಲ.

ಆ ತೋಪಿನಲ್ಲಿ ನಾನು ಖುಷಿಯಾಗಿದ್ದೆ ಎಂದು ನೆನಪು ಹೇಳುತ್ತದೆ. ಮುಂದೆ ಆಗಿದ್ದು ಗೊತ್ತಿರುವುದರಿಂದ ಅದು ಹಾಗೆ ಹೇಳುತ್ತಿರಬಹುದು. ಖುಷಿಯೋ ಏನೋ, ಕೈ ಮಾತ್ರ ಚುರುಕಾಗಿತ್ತು.

ಪಾರ್ಕಿನ ಹೆಸರು ಬೇಡ. ಅಂಥವು ಆಗ ಒಂದೆರಡಕ್ಕಿಂತ ಹೆಚ್ಚೇ ಇದ್ದವು. ಗೇಟಿಗೆ ಬಣ್ಣಬಣ್ಣದ ಮೀನುಗಳ ಕಮಾನು. ಸಾವುಕಾರರು ಎಲ್ಲರಿಗೂ ಸೇರಿಸಿ ಟಿಕೆಟ್ ತೆಗೆಸಿದರು, ನನಗೂ. ನಾನು ಬುಟ್ಟಿ ಹೊತ್ತು, ಡಬ್ಬಿಗಳನ್ನು ಎರಡೂ ಕೈಯಲ್ಲಿ ಹಿಡಿದು ಸಾಲಿನ ಮುಂದೆ ನಿಂತಿದ್ದೆ. ಗಾರ್ಡು ಕೈ ಅಡ್ಡ ಹಿಡಿದ. ನಡುವಯಸ್ಸಿನವನು, ಮೀಸೆ ಅಲ್ಲಲ್ಲಿ ಬೆಳ್ಳಗಾಗಿತ್ತು, ಸಮವಸ್ತ್ರ ಬೇರೆ ಯಾರದೋ ಅಳತೆಯದು.

"ಇವು ಒಳಗ ಹೋಗಂಗಿಲ್ರಿ."

ಆ 'ಹೋಗಂಗಿಲ್ರಿ' ಕೇಳಿದ್ದೇ ತಡ, ನಮ್ಮ ಸಾಲಿಗೆ ಸಾಲೇ ಅರಳಿತು.

"ಯಾವೂರಪಾ ನಿಂದು?" ಅಜ್ಜಿ ಕೇಳಿದಳು.

"ಹಡಗಲಿ ಕಡಿ ರಿ. ಮೈಲಾರದ ಹಾದ್ಯಾಗ."

ಇಲ್ಲಿ ನಿಲ್ಲಬೇಕು. ಅವನು ಹಡಗಲಿ ಕಡೆಯವನು ಎಂದು ಈಗ ಬರೆಯುತ್ತಿದ್ದೇನೆ. ಬೇರೆ ಬೇರೆಯವರ ಮುಂದೆ ಅವನನ್ನು ಹರಪನಹಳ್ಳಿಯವನನ್ನಾಗಿಯೂ, ಒಮ್ಮೆ ತಂಬ್ರಹಳ್ಳಿಯವನನ್ನಾಗಿಯೂ ಮಾಡಿದ್ದೇನೆ. ಕೇಳುವವರ ಊರು ಎಲ್ಲಿಗೆ ಹತ್ತಿರವೋ ಅಲ್ಲಿಯವನು. ಅವನ ಮಾತು ನಮ್ಮ ಮಾತಾಗಿತ್ತು ಅನ್ನುವುದೊಂದೇ ಗಟ್ಟಿ.

"ಮೈಲಾರದ ಹಾದ್ಯಾಗ ನಮ್ಮ ತಮ್ಮನ ಮಗಳನ್ನ ಕೊಟ್ಟೈತಿ!" ಅಜ್ಜಿ ಅಂದಳು. "ಅಂದ್ರ ನೀ ನಮ್ಮವನ ಆದಿ. ಬಿಡು ಅತ್ಲಾಗ."

"ಬಿಡಾಕ ಬರಂಗಿಲ್ಲವ್ವ. ಬೋರ್ಡು ನೋಡ್ರಿ. ಒಮ್ಮೆ ಒಳಗ ಹೋದ್ರ ಊಟಕ್ಕಂತ ಹೊರಗ ಬಂದು ಮತ್ತ ಹೋಗಾಕೂ ಬರಂಗಿಲ್ಲ. ಅದಾ ಟಿಕೀಟು ನಡಿಯಂಗಿಲ್ಲ."

ಕಿರಿಸೊಸೆ ಮಾವನ ಕಡೆ ನೋಡದೆ ಮೀನಿನ ಕಮಾನು ನೋಡುತ್ತ ನಿಂತಳು. ಸಾವುಕಾರರು ಮೊದಲು ಗದರಿದರು, ಆಮೇಲೆ ಕೈ ಮುಗಿದರು. ಹಿಂದಿನ ಸಾಲು ಗೊಣಗತೊಡಗಿತು. ಆಗ ಗಾರ್ಡು ನನ್ನ ಹತ್ತಿರ ಬಾಗಿ, ಡಬ್ಬಿ ಪರೀಕ್ಷೆ ಮಾಡುವವನಂತೆ ಮುಚ್ಚಳ ಮುಟ್ಟುತ್ತ ಮೆಲ್ಲಗೆ ಹೇಳಿದ: "ಡಬ್ಬಿ ಕಂಡ್ರ ನಾ ತಡೀಬೇಕು. ಬಟ್ಟಿ ಚೀಲದಾಗ ಕೈ ಹಾಕಂಗಿಲ್ಲ ನಾ."

ಎಲ್ಲರನ್ನೂ ಬಸ್ಸಿನ ಹಿಂದಕ್ಕೆ ಕರೆತಂದೆ. ಆಗ ತೀರ್ಮಾನ ಮಾಡಬೇಕಾದವನು ನಾನೇ ಆಗಿದ್ದೆ. ಸಾವುಕಾರರು "ಹೆಂಗಪಾ ಈಗ?" ಎಂದು ನನ್ನನ್ನೇ ಕೇಳಿದರು. ಒಳಗೆ ಕೊಂಡು ತಿಂದರೆ ನಾನು ಬಂದದ್ದೇ ದಂಡ, ಬೋಗುಣಿ ದಂಡ, ಆ ಹಿಂದಿನ ಜಾಗ ದಂಡ. ಈಗಲೇ ಉಂಡು ಹೋಗೋಣವೆಂದರೆ ಮಂಡಕ್ಕಿ ಇನ್ನೂ ಗಂಟಲಲ್ಲೇ ಇತ್ತು.

"ಬಟ್ಟಿ ಚೀಲ ತಗೀರಿ," ಅಂದೆ.

ಒದ್ದೆಯಾದ ಮೇಲೆ ಒರೆಸಿಕೊಳ್ಳಲು ತಂದಿದ್ದ ಟವೆಲ್ಲುಗಳನ್ನು ಹರವಿದೆ. ಒಂದೊಂದರ ನಡುವೆ ಒಂದಿಷ್ಟು ರೊಟ್ಟಿ ಇಟ್ಟು ಚಪ್ಪಟೆಯಾಗಿ ಮಡಚಿ, ಚೀಲದ ಬೆನ್ನಿಗೆ ನಿಲ್ಲಿಸಿದೆ. ಅಡ್ಡ ಇಟ್ಟರೆ ಮೇಲಿನ ಭಾರಕ್ಕೆ ಮುರಿಯುತ್ತವೆ. ಎಣ್ಣೆಗಾಯಿಯ ಎಣ್ಣೆಯನ್ನು ಬೇರೆ ಬಾಟಲಿಗೆ ಬಸಿದು, ಗಟ್ಟಿ ಬದನೆಗಳನ್ನು ಮಕ್ಕಳ ಅಗಲ ಬಾಯಿಯ ನೀರಿನ ಫ್ಲಾಸ್ಕುಗಳಿಗೆ ತುಂಬಿದೆ. ಚಟ್ನಿಪುಡಿ ಸೋಪಿನ ಡಬ್ಬಿಗೆ. ಹಿರಿಸೊಸೆ ಸೋಪನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಎಲ್ಲರೂ ನಗುತ್ತಿದ್ದರು. ಮಕ್ಕಳಿಗೆ ಇದು ಒಳಗಿನ ಆಟಕ್ಕಿಂತ ಮೊದಲು ಸಿಕ್ಕ ಆಟ.

ಮೊಸರನ್ನಕ್ಕೆ ಮಾತ್ರ ದಾರಿಯಿರಲಿಲ್ಲ. ಅದರ ಪಾತ್ರೆ ಯಾವ ಚೀಲದಲ್ಲೂ ಹಿಡಿಯುವುದಲ್ಲ. ಬಸ್ಸಿನ ನೆರಳಿನ ಬದಿಯ ಕಿಟಕಿ ಪಕ್ಕ ಇಟ್ಟು, ಒದ್ದೆ ಗೋಣಿ ಸುತ್ತಿ, ಡ್ರೈವರಿಗೆ ಹೇಳಿದೆ: "ಕಿಟಕಿ ತಗದಿಡು. ಬಿಸಿಲು ಈ ಕಡೆ ಬಂದ್ರ ಬಸ್ಸು ತಿರುಗಿಸಿ ನಿಲ್ಲಿಸು."

"ನಿನ್ನ ಮೊಸರನ್ನಕ್ಕ ಪಂಖಾನೂ ಹಾಕಲೇನು? ಕಾಲು ಒತ್ತಲೇನು?" ಅಂದ ಅವನು, ಸೀಟಿನ ಮೇಲೆ ಚಾಚಿಕೊಳ್ಳುತ್ತ.

ಗೇಟಿನಲ್ಲಿ ಗಾರ್ಡು ಚೀಲಗಳ ಬಾಯಿ ತೆರೆದು, ಟವೆಲ್ಲು ನೋಡಿ, ಮುಚ್ಚಿದ. ಒಂದು ಚೀಲ ಅವನ ಕೈಯಲ್ಲೇ ಕರಕ್ ಅಂದಿತು. ಅವನು ಆಕಾಶ ನೋಡಿದ.

ಒಳಗೆ ನಾನೂ ಅಜ್ಜಿಯೂ ಚೀಲ ಕಾಯುತ್ತ ಕೂತೆವು. ಸಿಮೆಂಟಿನಲ್ಲಿ ಮಾಡಿದ ದೊಡ್ಡ ಅಣಬೆ, ಅದರ ಕೆಳಗಷ್ಟೇ ನೆರಳು. ಸುತ್ತ ನೀರು, ಕಿರುಚಾಟ, ಮೈಕಿನ ಹಾಡು. ನೂರಾರು ಒದ್ದೆ ಜನರ ನಡುವೆ ಪೂರ್ತಿ ಬಟ್ಟೆ ತೊಟ್ಟು ಒಣಗಿದ್ದವರು ನಾವಿಬ್ಬರೇ. ಸಾವುಕಾರರು ಬಾಡಿಗೆಗೆ ಸಿಗುವ ನೈಲಾನ್ ಚಡ್ಡಿಯಲ್ಲಿ ಬಂದು ನಿಂತಾಗ ಕಿರಿಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಮಾವ, ಅತ್ಲಾಗ ಹೋಗ್ರಿ, ನಾ ಯಾ ಕಡಿ ನೋಡ್ಲಿ?" ಎಂದು ನಗುತ್ತ ಓಡಿದಳು.

ಎತ್ತರದಿಂದ ಜಾರಿ ನೀರಿಗೆ ಬೀಳುವವರನ್ನು ಅಜ್ಜಿ ಬಹಳ ಹೊತ್ತು ನೋಡಿದಳು. "ಅಲ್ಲೋ, ಇವ್ರು ರೊಕ್ಕ ಕೊಟ್ಟು ಬೀಳಾಕ ಬಂದಾರ. ನಾ ಸಣ್ಣಾಕಿದ್ದಾಗ ಹೊಲದ ಬಾವ್ಯಾಗ ಬಿದ್ದಿದ್ದೆ. ನಮ್ಮಪ್ಪ ಎತ್ತಿ ಮ್ಯಾಲೆ ತಂದು ಬಾರುಕೋಲ್ಲೆ ಹೊಡೆದ."

ಹಸಿದು, ನಡುಗುತ್ತ, ತುಟಿ ನೀಲಿ ಮಾಡಿಕೊಂಡು ಮಕ್ಕಳು ಬಂದವು. ಎಲ್ಲರೂ ಅಣಬೆಯ ಕೆಳಗೆ ಒತ್ತಿ ಕೂತರು. ಚೀಲ ಬಿಚ್ಚಿದರೆ ರೊಟ್ಟಿ ಅರ್ಧಕ್ಕರ್ಧ ಪುಡಿಯಾಗಿತ್ತು. ನನಗೆ ಗಾಬರಿಯಾಗಲಿಲ್ಲ. ಟವೆಲ್ಲಿನಲ್ಲೇ ಚೂರುಗಳನ್ನು ಕೂಡಿಸಿ, ಬದನೆ ಹಿಚುಕಿ, ಬಾಟಲಿಯಲ್ಲಿ ತಂದಿದ್ದ ಎಣ್ಣೆ ಸುರಿದು, ಚಟ್ನಿಪುಡಿ ಉದುರಿಸಿ ಮಿದ್ದು ಉಂಡೆ ಮಾಡಿ ಕೈಗೆ ಹಾಕಿದೆ. ಬಿಸಿ ರೊಟ್ಟಿ ಕುಟ್ಟಿ ಮಾಡುವ ಮುಟಗಿಯ ಬಡ ತಮ್ಮ ಅನ್ನಿ. ಒದ್ದೆ ಕೈಯಲ್ಲಿ, ಟವೆಲ್ಲಿನ ಮರೆಯಲ್ಲಿ, ಕದ್ದು ತಿನ್ನುವವರಂತೆ ತಿಂದರು. ಕದ್ದು ತಿನ್ನುತ್ತಲೇ ಇದ್ದರಲ್ಲ. ಹಿರಿ ಅಳಿಯ ಇನ್ನೊಂದು ಉಂಡೆಗೆ ಕೈಯೊಡ್ಡಿ, "ಮುಂದಿನ ವರ್ಷಾನೂ ನಿನ್ನ ಕರಕೊಂಡ ಬರಬೇಕು ನೋಡು," ಅಂದ. ಆ ಮಾತನ್ನು ಕಿವಿಯಾರೆ ಕೇಳಿದೆ. ಅದನ್ನು ಮಾಲೀಕನ ಮುಂದೆ ಹೇಗೆ ಹೇಳುವುದೆಂದು ಯೋಚಿಸುತ್ತ ಇನ್ನೊಂದು ಉಂಡೆ ಕಟ್ಟಿದೆ.

ಆಗಲೇ ಗಾರ್ಡು ಬಂದದ್ದು. ಮಧ್ಯಾಹ್ನದ ಮೇಲೆ ಅವನಿಗೆ ಒಳಗಿನ ಪಾಳಿಯಂತೆ. ನಮ್ಮನ್ನು ಕಂಡು, ಮುಖ ತಿರುಗಿಸಿ, ಬೇಗ ಬೇಗ ದಾಟಿ ಹೋಗುತ್ತಿದ್ದ.

ನಮ್ಮಲ್ಲಿ ಎಲೆಯ ಮುಂದೆ ಕೂತಾಗ ಎದುರಿಗೆ ಯಾರಾದರೂ ಹಾದರೆ ಕರೆಯಬೇಕು. ಕರೆಯದೆ ತುತ್ತು ನುಂಗಿದರೆ ಅದು ಗಂಟಲಿಗಿಳಿಯುವುದಿಲ್ಲ. ಕರೆದಾಗ ಅವರು ಒಲ್ಲೆ ಅನ್ನಬೇಕು. ಒಲ್ಲೆ ಅಂದವರನ್ನು ಮತ್ತೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ, ಕರೆಯಬೇಕು. ಎರಡನೇ ಸಲದ್ದೇ ನಿಜವಾದ ಕರೆ.

"ಬಾರಪ್ಪ, ಒಂದು ತುತ್ತು ತಿನ್ನು," ಅಂದಳು ಅಜ್ಜಿ.

ಅವನು ನಿಲ್ಲದೆ, ತುಟಿಯಲ್ಲೇ ಅಂದ: "ಒಲ್ಲೆ ಬೇ. ಸುಮ್ಕಿರ್ರಿ. ನಾ ನೋಡಿಲ್ಲ."

"ಯಾಕ ನೋಡಿಲ್ಲ?" ಅಜ್ಜಿಯ ದನಿ ಏರಿತು. "ಹಸಿದಿರ್ತಿ, ಮಾರಿ ನೋಡಿದ್ರ ತಿಳಿಯಂಗಿಲ್ಲೇನು? ಹಡಗಲಿಯವನ, ಬಾ, ಕುಂದ್ರು! ರೊಟ್ಟಿ ಐತಿ, ಬದನಿಕಾಯಿ ಐತಿ!"

ಸುತ್ತಲಿನ ತಲೆಗಳು ತಿರುಗಿದವು. ಸೀಟಿ ಕುತ್ತಿಗೆಗೆ ಹಾಕಿಕೊಂಡಿದ್ದ ಸೂಪರ್‌ವೈಸರ್ ಒಬ್ಬ ನೀರಿನ ಆಚೆಯಿಂದ ಬಂದ. ಟವೆಲ್ಲು ಎತ್ತಿ ನೋಡಿದ.

"ಏನ್ರೀ ಇದು? ಇದೆಲ್ಲ ಒಳಗೆ ಹೇಗೆ ಬಂತು? ಯಾರು ಬಿಟ್ಟಿದ್ದು?"

ಸಾವುಕಾರರು ಬಾಯಿ ತೆರೆಯುವ ಮೊದಲೇ ಅಜ್ಜಿ ಅವನಿಗೆ ಕೈ ಮುಗಿದಳು. ಅಧಿಕಾರದವನು ಎದುರಿಗೆ ಸಿಕ್ಕಾಗ ನಮ್ಮವನ ಬಗ್ಗೆ ನಾಲ್ಕು ಒಳ್ಳೆ ಮಾತು ಹಾಕದಿದ್ದರೆ ಹೇಗೆ?

"ಸಾಹೇಬ್ರ, ಈ ಮನಷ್ಯಾ ಭಾಳ ಚಲೋನ್ರಿ. ನಮ್ಮ ಕಡಿಯವನ. ಗೇಟಿನ್ಯಾಗ ನಾವು ಅಳಾಕ ಹತ್ತಿದ್ವಿ, ಇವನ ಹಾದಿ ಹೇಳಿಕೊಟ್ಟ. ಇವಗ ಏನರ ಒಂದು ಚಲೋ ಮಾಡ್ರಿ ನೀವು."

ಗಾರ್ಡು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಎದ್ದು, ಅವನದೇನೂ ತಪ್ಪಿಲ್ಲ, ಬಚ್ಚಿಟ್ಟು ತಂದವನು ನಾನು ಎಂದು ಹೇಳಿದೆ. ಹೇಳಿದೆನೆಂದೇ ಅನ್ನಿಸುತ್ತದೆ. ಹೇಳಿದ್ದರೂ ಸೂಪರ್‌ವೈಸರ್ ನನ್ನ ಕಡೆ ತಿರುಗಲಿಲ್ಲ. ಅವನು ಗಾರ್ಡಿಗೆ, "ನೀನೇ ಎತ್ತಿ ಹಾಕು," ಅಂದ. ಗಾರ್ಡು ಬಾಗಿ ಟವೆಲ್ಲಿನ ನಾಲ್ಕು ಮೂಲೆ ಕೂಡಿಸಿ ಎತ್ತಿ, ಕಪ್ಪೆ ಆಕಾರದ ಕಸದ ಡ್ರಮ್ಮಿಗೆ ಸುರಿದ. ಟವೆಲ್ಲನ್ನು ಝಾಡಿಸಿ, ಮಡಚಿ, ಹಿರಿಸೊಸೆಯ ಕೈಗೆ ಕೊಟ್ಟ. ಫ್ಲಾಸ್ಕುಗಳನ್ನೂ ಖಾಲಿ ಮಾಡಿಸಿದರು. ಕಪ್ಪೆಯ ಬಾಯಿಯಲ್ಲಿ ಎಣ್ಣೆ ಇಳಿಯುತ್ತಿತ್ತು.

ಮಕ್ಕಳ ಹೊಟ್ಟೆ ಇನ್ನೂ ಅರ್ಧವಾಗಿರಲಿಲ್ಲ. ಸಾವುಕಾರರು ಚಡ್ಡಿಯಲ್ಲೇ ಕೌಂಟರಿಗೆ ಹೋಗಿ ಕೂಪನ್ ತಂದರು. ಕಾಗದದ ತಟ್ಟೆಯಲ್ಲಿ ನೂಡಲ್ಸ್, ಕೆಂಪಗೆ, ಬಿಸಿಯಾಗಿ. ಮಕ್ಕಳು ಬಗ್ಗಿ ಬಗ್ಗಿ ತಿಂದವು. ಒಂದು ಕೂಸು ಕೊನೆಯ ಎಳೆಯನ್ನು ಸೊರ್ ಎಂದು ಎಳೆದುಕೊಂಡು, "ಅಪ್ಪಾ, ಇದ ಚಲೋ ಐತಿ, ಇನ್ನೊಂದು," ಅಂದಿತು. ಎಣ್ಣೆಗಾಯಿಗಿಂತ ಚಲೋ ಎಂದು ಅದು ಹೇಳಲಿಲ್ಲ. ನನಗೆ ಹಾಗೆ ಕೇಳಿಸಿತು.

ಅಜ್ಜಿ ಮುಟ್ಟಲಿಲ್ಲ. ಅವಳು ಎರಡು ತುತ್ತಷ್ಟೇ ತಿಂದಿದ್ದಳು. "ಅವ ಯಾಕ ಹಂಗ ಹೋದ?" ಎಂದು ಕೇಳುತ್ತಿದ್ದಳು. ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನೂ ಹೇಳಲಿಲ್ಲ.

"ಅಜ್ಜಿ, ಬಸ್ಸಿನ್ಯಾಗ ಮೊಸರನ್ನ ಐತಿ. ನಡೀರಿ," ಅಂದೆ. ಹೊರಗೆ ಹೋದರೆ ಮತ್ತೆ ಒಳಗಿಲ್ಲ. ಅವಳಿಗೂ ನನಗೂ ಒಳಗೆ ಏನಿತ್ತು? ಕೈ ಹಿಡಿದು ನಡೆಸಿಕೊಂಡು ಬಂದೆ. ಆ ದಾರಿಯಲ್ಲಿ ನನ್ನ ತಲೆಯಲ್ಲಿ ಒಂದೇ ಇತ್ತು: ಮೊಸರನ್ನ ಈಗ ಸರಿಯಾಗಿ ಹೆಪ್ಪಾಗಿರುತ್ತದೆ. ಅಜ್ಜಿ ಉಂಡು ಒಂದು ಮಾತು ಅಂದರೆ ಆ ಮನೆಯಲ್ಲಿ ಅದಕ್ಕೆ ಎದುರಿಲ್ಲ.

ನಿಲ್ಲಿಸಿದ ಕಡೆ ಬಸ್ಸಿರಲಿಲ್ಲ. ಇನ್ನಷ್ಟು ಬಸ್ಸು ಬಂದವೆಂದು ಅದನ್ನು ಬಯಲಿನ ಆ ತುದಿಗೆ ಕಳಿಸಿದ್ದರು. ಅಲ್ಲಿ ಮರವಿಲ್ಲ, ಗೋಡೆಯಿಲ್ಲ. ಮಂಗನ ಕಾಟವೆಂದು ಡ್ರೈವರ್ ಕಿಟಕಿಗಳನ್ನೆಲ್ಲ ಏರಿಸಿ, ಬಾಗಿಲು ಹಾಕಿ, ಬಸ್ಸಿನ ಕೆಳಗಿನ ನೆರಳಲ್ಲಿ ಮಲಗಿದ್ದ. ಒಳಗೆ ಹೋದರೆ ಉಸಿರು ಕಟ್ಟುವ ಕಾವು. ಗೋಣಿ ಒಣಗಿ ಬಿರುಸಾಗಿತ್ತು. ಮುಚ್ಚಳ ತೆಗೆಯುವ ಮೊದಲೇ ವಾಸನೆ ಹೇಳಿತು. ಅನ್ನ ನೀರೊಡೆದು, ಮೇಲೆ ಗುಳ್ಳೆ ಎದ್ದಿತ್ತು.

"ಮಂಗ್ಯಾ ಬಂದಿದ್ವೋ ಒಗ್ಗರಣಿ," ಡ್ರೈವರ್ ಕೆಳಗಿನಿಂದಲೇ ಅಂದ. "ಖರೇನೂ ಬಂದಿದ್ವು."

ಈ ಜಾಗಕ್ಕೆ ಬಂದಾಗ ನಾನು ಬಹಳ ಸಲ ಸುಳ್ಳು ಹೇಳಿದ್ದೇನೆ. ಅಜ್ಜಿ ಆ ಹುಳಿ ಅನ್ನವನ್ನೇ ಕಣ್ಣು ಮುಚ್ಚಿ ಉಂಡಳು, "ನಿನ್ನ ಕೈದು ವಿಷ ಆದ್ರೂ ಚಲೋ," ಅಂದಳು ಎಂದು. ಕೇಳಿದವರ ಕಣ್ಣುಗಳು ಒದ್ದೆಯಾಗಿವೆ. ಅವಳು ಉಣ್ಣಲಿಲ್ಲ. ಒಂದು ತುತ್ತು ಬಾಯಿಗಿಟ್ಟು, ತಿರುಗಿ ಉಗುಳಿ, ಬಾಯಿ ಮುಕ್ಕಳಿಸಿದಳು. ಬಸ್ಸಿನ ಮೆಟ್ಟಿಲ ಮೇಲೆ ಸೆರಗು ಹೊದ್ದು ಕೂತಳು. "ನಾ ಬರಬಾರದಾಗಿತ್ತು," ಅಂದಳು. ಅಷ್ಟೇ. ಸಂಜೆಯವರೆಗೂ ಅವಳಿಗೆ ನೀರಷ್ಟೇ ಆಯಿತು.

ಸಂಜೆ ಎಲ್ಲರೂ ಬಂದು ಹತ್ತಿದರು. ಬಸ್ಸು ಗೇಟಿನ ಮುಂದಿನ ರಸ್ತೆಗೆ ತಿರುಗಿದಾಗ, ಸಿಟಿ ಬಸ್ಸು ನಿಲ್ಲುವ ಕಡೆ ಗಾರ್ಡು ನಿಂತಿದ್ದ. ಸಮವಸ್ತ್ರ ಇರಲಿಲ್ಲ. ಸ್ವಂತ ಅಂಗಿ, ಕೈಯಲ್ಲೊಂದು ರೆಕ್ಸಿನ್ ಬ್ಯಾಗು.

"ಏ, ನಮ್ಮವನ!" ಅಜ್ಜಿ ಕಿಟಕಿಯಿಂದ ಕೈ ಬೀಸಿದಳು. "ಪಾಳಿ ಮುಗೀತು ಕಾಣತೈತಿ. ಕರೀರಿ ಅವನ್ನ, ಜಾಗ ಐತಿ!"

ಡ್ರೈವರ್ ನಿಧಾನ ಮಾಡಿ ನಿಲ್ಲಿಸಿದ. ನಾನು ಹಿಂಬಾಗಿಲಿನಿಂದ ಇಳಿದೆ.

"ಕೆಲಸದಿಂದ ತಗದ್ರೇನು?" ಅಂದೆ.

"ಹೂಂ."

ಅವನೇ ಮಾತಾಡಿದ, ಸಿಟ್ಟೇನೂ ಇಲ್ಲದೆ, ರಸ್ತೆಯ ಆ ಕಡೆ ನೋಡುತ್ತ. "ಒಂದು ತುತ್ತರ ತಿಂದಿದ್ರ ಬ್ಯಾರೆ ಮಾತಾಗಿತ್ತು. ತಿನ್ನಲಾರದ ರೊಟ್ಟಿಗೆ ಹೋತು ನೋಡ್ರಿ ಕೆಲಸ." ಆಮೇಲೆ, "ಅಜ್ಜಿಗೆ ಹೇಳಬ್ಯಾಡ್ರಿ," ಅಂದ.

ನಾನು ಹತ್ತಿದೆ. "ಬರಂಗಿಲ್ಲಂತ," ಅಂದೆ. ಅಜ್ಜಿ ಕಿಟಕಿಯಿಂದ ಎರಡನೇ ಸಲ ಕರೆದಳು. ಬಸ್ಸು ಹೊರಟಿತ್ತು.

ವಾಪಸ್ ದಾರಿಯಲ್ಲಿ ಒಲೆ ಹಚ್ಚಲು ಒಂದು ಜಾಗ ನೋಡಿಟ್ಟಿದ್ದೆ. ಅಕ್ಕಿ ಇತ್ತು, ಬೇಳೆ ಇತ್ತು. ಬಿಸಿ ಅನ್ನ ಸಾರು ಹಾಕಿದರೆ ಇನ್ನೂ ಏನಾದರೂ ಉಳಿದೀತು, ಅಜ್ಜಿಯಾದರೂ ಉಂಡಾಳು ಅಂದುಕೊಂಡಿದ್ದೆ. ಕತ್ತಲಾಗುವ ಮೊದಲೇ ಸಾವುಕಾರರು ಒಂದು ಹೆದ್ದಾರಿ ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿದರು.

"ಸಾವುಕಾರ್ರ, ಒಂದು ತಾಸು ಕೊಟ್ರ ನಾ ಬೇಯಿಸಿ ಹಾಕ್ತೀನಿ," ಅಂದೆ.

"ಬ್ಯಾಡ ಬಿಡಪಾ. ಹುಡುಗ್ರು ದಣಿದಾವ. ನೀನೂ ದಣಿದಿ." ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ನಿಂದೇನೂ ತಪ್ಪಿಲ್ಲ. ಬಾ, ನೀನೂ ನಮ್ಮ ಕೂಡ ಕುಂದ್ರು."

ಬೈದಿದ್ದರೆ ವಾದಿಸಬಹುದಿತ್ತು. ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಯಾವನೋ ನನ್ನ ಮುಂದೆ ತಟ್ಟೆ ಇಟ್ಟು, ಅನ್ನ ಬಡಿಸಿ ಹೋದ. ಟೂರಿನಲ್ಲಿ ಕೂತು ಉಂಡದ್ದು ಅದೇ ಮೊದಲು. ಅನ್ನದ ಅಗುಳು ಒಡೆದಿತ್ತು, ಸಾರಿಗೆ ಉಪ್ಪು ಹೆಚ್ಚಾಗಿತ್ತು, ಎಲ್ಲರೂ ಉಂಡರು. ಅಜ್ಜಿ ಬಸ್ಸಿನಲ್ಲೇ ಉಳಿದಳು. ಕಿರಿಸೊಸೆ ಅವಳಿಗೆ ಬಾಳೆಹಣ್ಣು ಒಯ್ದು ಕೊಟ್ಟಳು.

ಮಾಲೀಕ ನನ್ನನ್ನು ಏನೂ ಕೇಳಲಿಲ್ಲ. ಸಾವುಕಾರರು ಬಂದು ಹೇಳಿ ಹೋಗಿದ್ದರಂತೆ: ಅಡುಗೆ ಚಲೋ ಇತ್ತು, ಪಾಪ, ಮುಂದಿನ ಸಲ ಬಸ್ಸಷ್ಟೇ ಸಾಕು.

ಸೀಟು ಹಾಕುವ ದಿನ ನನ್ನ ಸಾಮಾನು ಇಳಿಸಿಕೊಳ್ಳಲು ಶೆಡ್ಡಿಗೆ ಹೋದೆ. ಮೆಕ್ಯಾನಿಕ್ ಒಬ್ಬನೇ ಇದ್ದ, ಹೊಸಪೇಟೆಯಿಂದ ಬಂದವನು. ನೆಲದ ಬೋಲ್ಟಿನ ತೂತುಗಳು ಸಿಗುತ್ತಿಲ್ಲ ಅಂದ. ಅವು ಎಲ್ಲಿವೆಯೆಂದು ನನಗೆ ಗೊತ್ತಿತ್ತು. ಅಷ್ಟು ವರ್ಷದ ಎಣ್ಣೆ, ಅರಿಶಿಣ, ಹಿಟ್ಟು ಕೂಡಿ ಅವುಗಳ ಬಾಯಿ ಮುಚ್ಚಿ ಹೋಗಿತ್ತು. ಚಮಚೆಯ ಹಿಡಿಯಿಂದ ಕೆರೆದು ತೆಗೆದೆ. ರೊಟ್ಟಿಯ ಚೂರೂ ಬಂತು. ಸೀಟಿನ ಮೇಲಿನ ಕೋಳಿ ಹಿಕ್ಕೆ ತೊಳೆದು, ನಾನು ಹಿಡಿದೆ, ಅವನು ಬಿಗಿದ.

ಕೆಲಸ ಮುಗಿದ ಮೇಲೆ ಅವನು ಆಗಷ್ಟೇ ಬಿಗಿದ ಸೀಟಿನ ಮೇಲೆಯೇ ಕೂತು ಡಬ್ಬಿ ಬಿಚ್ಚಿದ. ರೊಟ್ಟಿ, ಹೆಸರುಕಾಳಿನ ಪಲ್ಯ. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಬರ್ರಿ, ಊಟ ಮಾಡ್ರಿ," ಅಂದ.

"ಒಲ್ಲೆ," ಅಂದೆ.

ಅವನು ತಲೆ ಆಡಿಸಿ ಉಣ್ಣತೊಡಗಿದ. ನಾನು ಬೋಗುಣಿ ಹಿಡಿದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.